ಸ್ಟೀವರ್ಡ್ ಬದಲಾದರೆ ತೀರ್ಪು ಬದಲಾಗುತ್ತದೆಯೇ?

ಓದುಗರ ಪ್ರಶ್ನೆ: ಮೋಟಾರ್‌ಸೈಕಲ್ ರೇಸ್‌ನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೊಜಿಪಿಯಲ್ಲಿ ಸವಾರರ ತಪ್ಪುಗಳಿಗೆ ದಂಡನೆ ಕೊಡುವ ಸ್ಟೀವರ್ಡ್ ಮಂಡಳಿಗೆ ಫ್ರೆಡ್ಡಿ ಸ್ಪೆನ್ಸರ್ ಅವರ ಬದಲು ಸೈಮನ್ ಕ್ರಾಫರ್ ಮುಖ್ಯಸ್ಥರಾಗಿ ಬಂದಿದ್ದಾರೆ. ಸವಾರರು ಗಲಾಟೆ ಮಾಡಿದ್ದಕ್ಕೇ ಹಳಬರು ಹೋದರು ಎಂದು ಅನೇಕರು ಹೇಳುತ್ತಾರೆ. ತೀರ್ಪು ಕೊಡುವವರನ್ನು ಹೀಗೆ ಬದಲಿಸುವುದು ಸರಿಯೇ? ಬದಲಿಸಿದ್ದರಿಂದ ಏನಾದರೂ ವ್ಯತ್ಯಾಸವಾಯಿತೇ?

ಉತ್ತರ: ಬದಲಾವಣೆಯಲ್ಲಿ ತಪ್ಪೇನೂ ಇಲ್ಲ, ಆದರೆ ಅದರಿಂದ ಜನರು ನಿರೀಕ್ಷಿಸಿದಷ್ಟು ವ್ಯತ್ಯಾಸ ಆಗಿಲ್ಲ, ಆಗುವಂತೆಯೂ ಇರಲಿಲ್ಲ. 2019ರಿಂದ 2024ರವರೆಗೆ ಸ್ಪೆನ್ಸರ್ ಅವರ ಹೆಸರಿಗೆ ಅಂಟಿಕೊಂಡ ವಿವಾದಗಳಲ್ಲಿ ಕೆಲವು ಅವರ ಮಂಡಳಿಯ ವಿವೇಚನೆಗೆ ಸಂಬಂಧಿಸಿದವು. ಇನ್ನು ಕೆಲವು ನಿಯಮ ಪುಸ್ತಕದ ಹುಳುಕುಗಳಾಗಿದ್ದು, ಆ ಕುರ್ಚಿಯಲ್ಲಿ ಯಾರೇ ಕುಳಿತಿದ್ದರೂ ಅದೇ ಬೈಗುಳ ತಿನ್ನಬೇಕಾಗಿತ್ತು. ಇವೆರಡನ್ನು ಬೇರ್ಪಡಿಸದೆ ‘ಸರಿಯೇ ತಪ್ಪೇ’ ಎಂಬ ಪ್ರಶ್ನೆಗೆ ಉತ್ತರ ಹೇಳಲಾಗದು.

ಮೊದಲು ಯಾರ ಕೆಲಸ ಏನು ಎಂಬುದನ್ನು ನೋಡೋಣ, ಏಕೆಂದರೆ ಟಿವಿಯ ಮುಂದೆ ಕುಳಿತವರ ಸಿಟ್ಟು ಬಹಳ ಸಲ ತಪ್ಪು ವಿಳಾಸಕ್ಕೆ ಹೋಗುತ್ತದೆ. ರೇಸ್ ಅನ್ನು ನಡೆಸುವುದು ರೇಸ್ ಡೈರೆಕ್ಷನ್. ಅದರ ಮುಂದಾಳು ರೇಸ್ ಡೈರೆಕ್ಟರ್ ಮೈಕ್ ವೆಬ್. ಕೆಂಪು ಬಾವುಟ ತೋರಿಸುವುದು, ಮಳೆ ಬಂದಾಗ ಆರಂಭವನ್ನು ಮುಂದೂಡುವುದು, ಸುತ್ತುಗಳನ್ನು ಕಡಿಮೆ ಮಾಡುವುದು ಇವೆಲ್ಲ ಆ ಕಡೆಯ ನಿರ್ಧಾರಗಳು. 2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ನಲ್ಲಿ ನಡೆದ ಭಾರತದ ಗ್ರ್ಯಾನ್‌ಪ್ರಿಯನ್ನು ವಿಪರೀತ ಸೆಕೆಯ ಕಾರಣಕ್ಕೆ 24 ಸುತ್ತುಗಳಿಂದ 21ಕ್ಕೆ ಇಳಿಸಿದ್ದು ಇಂಥ ನಿರ್ಧಾರಕ್ಕೆ ನಮ್ಮ ನೆಲದ ಉದಾಹರಣೆ. ಸವಾರನೊಬ್ಬ ಇನ್ನೊಬ್ಬನಿಗೆ ಗುದ್ದಿದರೆ, ಅಡ್ಡದಾರಿ ಹಿಡಿದು ಲಾಭ ಪಡೆದರೆ, ಸುರಕ್ಷತಾ ಉಡುಪಿನ ನಿಯಮ ಮುರಿದರೆ ವಿಚಾರಿಸಿ ದಂಡನೆ ಕೊಡುವುದು ಮಾತ್ರ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವಾದ ಎಫ್‌ಐಎಂನ ಸ್ಟೀವರ್ಡ್ ಮಂಡಳಿ. ಅದರಲ್ಲಿ ಒಬ್ಬ ಮುಖ್ಯಸ್ಥ, ಇಬ್ಬರು ಸದಸ್ಯರು. ಕ್ರಿಕೆಟ್‌ನಲ್ಲಿ ಪಂದ್ಯವನ್ನು ಅಂಪೈರ್‌ಗಳು ನಡೆಸಿ, ಆಟಗಾರರ ನಡವಳಿಕೆಯ ದೂರನ್ನು ನಮ್ಮ ಜಾವಗಲ್ ಶ್ರೀನಾಥ್ ಅವರಂಥ ಮ್ಯಾಚ್ ರೆಫರಿ ವಿಚಾರಿಸುವ ವ್ಯವಸ್ಥೆಗೆ ಇದು ಹತ್ತಿರವಾದದ್ದು.

ಈ ಎರಡು ಕೆಲಸಗಳು ಹಿಂದೆ ಒಂದೇ ಕಡೆ ಇದ್ದವು. 2015ರ ಸೆಪಾಂಗ್ ರೇಸ್‌ನಲ್ಲಿ ವ್ಯಾಲೆಂಟಿನೊ ರೊಸ್ಸಿ ಮತ್ತು ಮಾರ್ಕ್ ಮಾರ್ಕೆಜ್ ನಡುವಿನ ತಿಕ್ಕಾಟದಲ್ಲಿ ಮಾರ್ಕೆಜ್ ಬಿದ್ದರು. ರೊಸ್ಸಿಗೆ ಮೂರು ದಂಡನಾ ಅಂಕ ಬಿತ್ತು, ಹಿಂದಿನ ಒಂದು ಅಂಕವೂ ಸೇರಿ ನಾಲ್ಕಾಗಿ, ಪ್ರಶಸ್ತಿ ನಿರ್ಧರಿಸುವ ವೆಲೆನ್ಸಿಯಾ ರೇಸ್ ಅನ್ನು ಅವರು ಕೊನೆಯ ಸ್ಥಾನದಿಂದ ಆರಂಭಿಸಬೇಕಾಯಿತು. ಅಲ್ಲಿ ನಾಲ್ಕನೆಯವರಾಗಿ ಬಂದರೂ ಚಾಂಪಿಯನ್ ಪಟ್ಟ ಐದು ಅಂಕಗಳ ಅಂತರದಲ್ಲಿ ಹೋರ್ಹೆ ಲೊರೆಂಜೊ ಪಾಲಾಯಿತು. ರೇಸ್ ನಡೆಸುವವರೇ ಶಿಕ್ಷೆಯನ್ನೂ ಕೊಡುವುದು ಬೇಡವೆಂಬ ಮಾತಿಗೆ ಆಗ ಬಲ ಬಂದು, 2016ರಲ್ಲಿ ಪ್ರತ್ಯೇಕ ಸ್ಟೀವರ್ಡ್ ಮಂಡಳಿ ಹುಟ್ಟಿತು. ಆದರೂ ಮೊದಲ ಮೂರು ವರ್ಷ ವೆಬ್ ಅವರೇ ಅದರಲ್ಲಿಯೂ ಕೂರುತ್ತಿದ್ದುದರಿಂದ ಬೇರ್ಪಡೆ ಅರ್ಧಕ್ಕೇ ನಿಂತಿತ್ತು. 2019ರಲ್ಲಿ ಸ್ಪೆನ್ಸರ್ ಬಂದಾಗ ಅದು ಪೂರ್ಣವಾಯಿತು.

ಅವರ ಆಯ್ಕೆ ಆ ಹೊತ್ತಿಗೆ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಅಮೆರಿಕದ ಲೂಸಿಯಾನ ರಾಜ್ಯದ ಸ್ಪೆನ್ಸರ್ 1983ರಲ್ಲಿ 21ನೇ ವಯಸ್ಸಿಗೇ 500 ಸಿಸಿ ವಿಶ್ವ ಚಾಂಪಿಯನ್ ಆದವರು, 1985ರಲ್ಲಿ 250 ಮತ್ತು 500 ಸಿಸಿ ಪಟ್ಟಗಳನ್ನು ಒಂದೇ ವರ್ಷದಲ್ಲಿ ಗೆದ್ದವರು. ಕುತೂಹಲದ ಸಂಗತಿಯೆಂದರೆ, 1983ರ ಅವರ ಪಟ್ಟದ ಹಿಂದೆಯೇ ಇಂದಿಗೂ ಚರ್ಚೆಯಾಗುವ ಒಂದು ಓವರ್‌ಟೇಕ್ ಇದೆ. ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಕೊನೆಯ ಸುತ್ತಿನಲ್ಲಿ ಅವರು ಕೆನ್ನಿ ರಾಬರ್ಟ್ಸ್ ಅವರ ಒಳಬದಿಗೆ ನುಗ್ಗಿದಾಗ ಇಬ್ಬರೂ ಟ್ರ್ಯಾಕ್ ಬಿಟ್ಟು ಹೊರಹೋದರು. ಮೊದಲು ಮರಳಿದ ಸ್ಪೆನ್ಸರ್ ಗೆದ್ದರು, ಮತ್ತು ವರ್ಷದ ಕೊನೆಗೆ ಪಟ್ಟ ಕೇವಲ ಎರಡು ಅಂಕಗಳಿಂದ ಅವರದಾಯಿತು. ಇಂದು ಅದೇ ಘಟನೆ ನಡೆದರೆ ‘ತನಿಖೆಯಲ್ಲಿದೆ’ ಎಂಬ ಸಾಲು ಪರದೆಯ ಮೇಲೆ ಬರುವುದು ಖಚಿತ.

ಇನ್ನು ವಿವಾದಗಳಿಗೆ ಬರೋಣ. 2021ರಲ್ಲಿ ಬಾರ್ಸಿಲೋನಾದಲ್ಲಿ ಫ್ಯಾಬಿಯೊ ಕ್ವಾರ್ಟರಾರೊ ಅವರ ಚರ್ಮದ ಉಡುಪಿನ ಮುಂಭಾಗ ರೇಸ್‌ನ ಕೊನೆಯ ಸುತ್ತುಗಳಲ್ಲಿ ತೆರೆದುಕೊಂಡಿತು, ಎದೆಕವಚವನ್ನು ಅವರು ಕಿತ್ತು ಎಸೆದರು, ಹಾಗೆಯೇ ಓಡಿಸುತ್ತ ಹೋದರು. ಕಪ್ಪು ಬಾವುಟ ತೋರಿಸಿ ಅವರನ್ನು ತಕ್ಷಣ ನಿಲ್ಲಿಸಬೇಕಿತ್ತು ಎಂದು ಬಹಳ ಮಂದಿ ಹೇಳಿದರು. ಆದರೆ ಕ್ರಮ ಬಂದದ್ದು ರೇಸ್ ಮುಗಿದು ಗಂಟೆಗಳ ನಂತರ, ಮೂರು ಸೆಕೆಂಡುಗಳ ದಂಡನೆಯ ರೂಪದಲ್ಲಿ. ಅದಕ್ಕೆ ಮೊದಲೇ ಅಡ್ಡದಾರಿ ಹಿಡಿದದ್ದಕ್ಕೆ ಬೇರೆ ಮೂರು ಸೆಕೆಂಡು ಬಿದ್ದಿತ್ತು. ಮೂರನೆಯವರಾಗಿ ಗೆರೆ ದಾಟಿದವರು ನಾಲ್ಕಕ್ಕೆ, ಕೊನೆಗೆ ಆರಕ್ಕೆ ಇಳಿದರು. ಇಲ್ಲಿ ನಿಯಮದಲ್ಲಿ ಗೊಂದಲವಿರಲಿಲ್ಲ, ಉಡುಪು ಸರಿಯಾಗಿ ಮುಚ್ಚಿರಬೇಕು ಎಂಬುದು ಸ್ಪಷ್ಟವಾಗಿತ್ತು. ಗಂಟೆಗೆ 300 ಕಿಲೋಮೀಟರ್ ಮೀರುವ ಓಟದಲ್ಲಿ ಎದೆ ತೆರೆದುಕೊಂಡಿರುವ ಮನುಷ್ಯನನ್ನು ನೋಡಿಯೂ ರೇಸ್ ಮುಗಿಯುವವರೆಗೆ ಕಾದದ್ದು ಅಂದಿನ ಅಧಿಕಾರಿಗಳ ಲೋಪವೆಂದೇ ನನ್ನ ಅಭಿಪ್ರಾಯ.

2022ರ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸವಾರರ ಮುಖ್ಯ ದೂರು ಅರ್ಥವಾಗುತ್ತದೆ. ಜೂನ್ ತಿಂಗಳಲ್ಲಿ ಅದೇ ಬಾರ್ಸಿಲೋನಾದ ಮೊದಲ ತಿರುವಿನಲ್ಲಿ ತಕಾಕಿ ನಕಗಾಮಿ ಬ್ರೇಕ್ ಹಾಕುವಾಗ ಹಿಡಿತ ತಪ್ಪಿ ಬಿದ್ದು, ಫ್ರಾನ್ಸೆಸ್ಕೊ ಬನ್ಯಾಯಾ ಮತ್ತು ಅಲೆಕ್ಸ್ ರಿನ್ಸ್ ಇಬ್ಬರನ್ನೂ ಕೆಡವಿದರು. ರಿನ್ಸ್ ಅವರ ಮಣಿಕಟ್ಟು ಮುರಿಯಿತು. ಮಂಡಳಿ ಅದನ್ನು ರೇಸ್‌ನಲ್ಲಿ ಸಹಜವಾಗಿ ನಡೆಯುವ ಘಟನೆಯೆಂದು ಪರಿಗಣಿಸಿ ಶಿಕ್ಷೆ ಕೊಡಲಿಲ್ಲ, ರಿನ್ಸ್ ಬಹಿರಂಗವಾಗಿಯೇ ಕೆಂಡ ಕಾರಿದರು. ಅದೇ ತಿಂಗಳ ಕೊನೆಗೆ ಅಸೆನ್‌ನಲ್ಲಿ ಕ್ವಾರ್ಟರಾರೊ ಅಲೇಶ್ ಎಸ್ಪರ್ಗರೊ ಅವರನ್ನು ಹಿಂದಿಕ್ಕಲು ಹೋಗಿ ತಾವೇ ಬಿದ್ದರು. ಎಸ್ಪರ್ಗರೊ ಬೀಳದೆ ಟ್ರ್ಯಾಕ್‌ನ ಹೊರಗೆ ಹೋಗಿ ಬಂದು ನಾಲ್ಕನೇ ಸ್ಥಾನ ಪಡೆದರು. ಇದಕ್ಕೆ ಮಾತ್ರ ಮುಂದಿನ ರೇಸ್‌ನಲ್ಲಿ ಲಾಂಗ್ ಲ್ಯಾಪ್, ಅಂದರೆ ತಿರುವೊಂದರ ಹೊರಬದಿಯಲ್ಲಿ ಗುರುತಿಸಿದ ಉದ್ದದ ದಾರಿಯಲ್ಲಿ ಹೋಗಿ ಕೆಲವು ಸೆಕೆಂಡು ಕಳೆದುಕೊಳ್ಳುವ ಶಿಕ್ಷೆ. ಕ್ವಾರ್ಟರಾರೊ ಅವರ ಯಮಹಾ ತಂಡ ಲಿಖಿತ ಹೇಳಿಕೆಯಲ್ಲೇ ಇದನ್ನು ಆಕ್ಷೇಪಿಸಿತು. ಮೊದಲ ಸುತ್ತಿನ ದಟ್ಟಣೆಯಲ್ಲಿ ಕೊಂಚ ಸಡಿಲು, ಆಮೇಲೆ ಬಿಗಿ ಎಂಬ ತರ್ಕ ಎರಡು ತೀರ್ಪುಗಳ ನಡುವೆ ಇದ್ದಿರಬಹುದು. ಇದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ತೀರ್ಪಿಗಿಂತ ಹೆಚ್ಚಾಗಿ ತೀರ್ಪಿನ ಹಿಂದಿನ ಕಾರಣ ಕಾಣದಿದ್ದುದೇ ಆ ಆರು ವರ್ಷಗಳಲ್ಲಿ ತಂಡಗಳು ಬೀಡುಬಿಡುವ ಪ್ಯಾಡಾಕ್‌ನಲ್ಲಿ ಅಪನಂಬಿಕೆ ಬೆಳೆಸಿತು.

ಆದರೆ 2023ರ ಪೋರ್ಟಿಮಾವ್ ಪ್ರಕರಣ ಬೇರೆ ಜಾತಿಯದು. ಋತುವಿನ ಮೊದಲ ರೇಸ್‌ನ ಮೂರನೇ ಸುತ್ತಿನಲ್ಲಿ ಮಾರ್ಕೆಜ್ ಬ್ರೇಕ್ ತಡವಾಗಿ ಹಾಕಿ ಹೋರ್ಹೆ ಮಾರ್ಟಿನ್ ಅವರನ್ನು ತಾಗಿ, ಮಿಗೆಲ್ ಒಲಿವೆರಾ ಅವರಿಗೆ ಗುದ್ದಿದರು. ತಪ್ಪನ್ನು ಅವರೇ ಒಪ್ಪಿಕೊಂಡರು. ಎರಡು ಲಾಂಗ್ ಲ್ಯಾಪ್‌ಗಳ ಶಿಕ್ಷೆಯ ಬಗ್ಗೆಯೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಆದೇಶದ ಪದಗಳಿಂದ. ಶಿಕ್ಷೆಯನ್ನು ಅರ್ಜೆಂಟೀನಾ ಗ್ರ್ಯಾನ್‌ಪ್ರಿಯಲ್ಲಿ ಅನುಭವಿಸಬೇಕು ಎಂದು ಅದರಲ್ಲಿ ಬರೆಯಲಾಗಿತ್ತು, ಆದರೆ ಕೈಮೂಳೆ ಮುರಿದಿದ್ದ ಮಾರ್ಕೆಜ್ ಅಲ್ಲಿಗೆ ಹೋಗಲೇ ಇಲ್ಲ. ಎರಡು ದಿನಗಳ ನಂತರ ಎಫ್‌ಐಎಂ ಆದೇಶವನ್ನು ತಿದ್ದಿ, ಅವರು ಮುಂದೆ ಪಾಲ್ಗೊಳ್ಳುವ ರೇಸ್‌ಗೆ ಶಿಕ್ಷೆಯನ್ನು ವರ್ಗಾಯಿಸಿತು. ಒಮ್ಮೆ ಕೊಟ್ಟ ಅಂತಿಮ ತೀರ್ಪನ್ನು ಹೀಗೆ ತಿದ್ದುವಂತಿಲ್ಲ ಎಂದು ಅವರ ತಂಡವಾದ ಹೋಂಡಾ ಮೇಲ್ಮನವಿ ಸಲ್ಲಿಸಿತು, ಮೇ ತಿಂಗಳಲ್ಲಿ ಮೋಟೊಜಿಪಿಯ ಮೇಲ್ಮನವಿ ನ್ಯಾಯಾಲಯ ಸವಾರನ ಪರವಾಗಿಯೇ ತೀರ್ಪು ಕೊಟ್ಟಿತು. ಪರಿಣಾಮವಾಗಿ, ತಪ್ಪು ಮಾಡಿದ್ದಾಗಿ ಎಲ್ಲರೂ, ಸ್ವತಃ ಅವರೂ ಒಪ್ಪಿದ ಸವಾರ ಆ ಶಿಕ್ಷೆಯನ್ನು ಅನುಭವಿಸಲೇ ಇಲ್ಲ. ಗಾಯಗೊಂಡವನು ಶಿಕ್ಷೆಯನ್ನು ಯಾವಾಗ ಅನುಭವಿಸಬೇಕು ಎಂಬುದನ್ನು ಮೊದಲೇ ಯೋಚಿಸಿಡದ ವ್ಯವಸ್ಥೆಯ ಎಡವಟ್ಟು ಇದು. ಆದರೂ ಬೈಗುಳದ ಬಹುಪಾಲು ಮುಖ್ಯಸ್ಥರ ಹೆಸರಿಗೇ ಬಿತ್ತು.

ಟೈರ್ ಒತ್ತಡದ ದಂಡನೆಯಲ್ಲಂತೂ ಸ್ಟೀವರ್ಡ್‌ಗಳಿಗೆ ಯೋಚಿಸುವ ಜಾಗವೇ ಇಲ್ಲ. 2024ರ ನಿಯಮದಂತೆ ಭಾನುವಾರದ ರೇಸ್‌ನಲ್ಲಿ ಮುಂಬದಿ ಟೈರ್ ಶೇಕಡಾ 60ರಷ್ಟು ಸುತ್ತುಗಳಲ್ಲಾದರೂ 1.8 ಬಾರ್ ಒತ್ತಡಕ್ಕಿಂತ ಕೆಳಗಿರಬಾರದು, ಇದ್ದರೆ ಸವಾರನ ಸಮಯಕ್ಕೆ 16 ಸೆಕೆಂಡು ಸೇರಿಸಲಾಗುತ್ತಿತ್ತು. ಆ ವರ್ಷ ಅಸೆನ್‌ನಲ್ಲಿ ನಾಲ್ಕನೆಯವರಾಗಿ ಬಂದ ಮಾರ್ಕೆಜ್ ಇದರಿಂದ ಹತ್ತಕ್ಕೆ ಕುಸಿದರು. ಅಳತೆ ಸೆನ್ಸರ್‌ನದು, ಶಿಕ್ಷೆ ಪುಸ್ತಕದ್ದು. ಆ ನಿಯಮ ನನಗೂ ಇಷ್ಟವಿಲ್ಲ; ರೇಸ್ ಮುಗಿದ ಮೇಲೆ ಫಲಿತಾಂಶ ಬದಲಾಗುವ ಆಟವನ್ನು ನೋಡುವವರು ನಂಬುವುದು ಕಷ್ಟ. ಆದರೆ ಅದಕ್ಕಾಗಿ ಸ್ಪೆನ್ಸರ್ ಅವರನ್ನು ದೂರುವುದು, ತೆರಿಗೆ ಹೆಚ್ಚಾಯಿತೆಂದು ಬಿಲ್ ಕಲೆಕ್ಟರ್ ಜತೆ ಜಗಳಕ್ಕೆ ನಿಂತಂತೆ.

ಹಾಗಾದರೆ ಬದಲಾವಣೆ ಹೇಗೆ ಆಯಿತು? 2025ರಿಂದ ಕ್ರಾಫರ್ ಮುಖ್ಯಸ್ಥರಾಗುತ್ತಾರೆಂದು 2024ರ ಋತು ನಡೆಯುತ್ತಿರುವಾಗಲೇ ಪ್ರಕಟಿಸಲಾಯಿತು, ಸ್ಪೆನ್ಸರ್ ಆ ಋತು ಮುಗಿಯುವವರೆಗೂ ಅದೇ ಕುರ್ಚಿಯಲ್ಲಿದ್ದರು. ಈ ಕ್ರಮ ಮುಖ್ಯವಾದದ್ದು. ಯಾವುದೋ ಒಂದು ತೀರ್ಪಿನ ಮರುದಿನ ಅಧಿಕಾರಿಯನ್ನು ಎಬ್ಬಿಸಿದರೆ ಮುಂದೆ ಬರುವವರು ನಿಯಮ ಪುಸ್ತಕಕ್ಕಿಂತ ದೊಡ್ಡ ತಂಡಗಳ ಮುಖವನ್ನು ಹೆಚ್ಚು ನೋಡುತ್ತಾರೆ. ಫಾರ್ಮುಲಾ ಒನ್‌ನಲ್ಲಿ, ಕೊನೆಯ ಸುತ್ತಿನ ನಿರ್ಧಾರದಿಂದ ವಿವಾದವಾದ 2021ರ ಅಬುಧಾಬಿ ರೇಸ್‌ನ ನಂತರ, 2022ರ ಫೆಬ್ರವರಿಯಲ್ಲಿ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿ ಅವರನ್ನು ಬದಲಿಸಿದ್ದು ಹೆಚ್ಚುಕಡಿಮೆ ಆ ಒಂದೇ ರಾತ್ರಿಯ ಲೆಕ್ಕದಲ್ಲಿ. ಅವರ ನಂತರ ಬಂದವರಲ್ಲಿ ಒಬ್ಬರಾದ ನೀಲ್ಸ್ ವಿಟಿಕ್ 2024ರಲ್ಲಿ ಇನ್ನು ಮೂರು ರೇಸ್‌ಗಳು ಬಾಕಿ ಇರುವಾಗಲೇ ಹೊರನಡೆಯಬೇಕಾಯಿತು. ಅದಕ್ಕೆ ಹೋಲಿಸಿದರೆ ಮೋಟೊಜಿಪಿ ಈ ವಿಷಯದಲ್ಲಿ ಸಮಾಧಾನದಿಂದ ನಡೆದುಕೊಂಡಿದೆ.

ಕ್ರಾಫರ್ ನ್ಯೂಜಿಲೆಂಡ್‌ನವರು, 1998ರಲ್ಲಿ ಡೊನಿಂಗ್‌ಟನ್‌ನಲ್ಲಿ ಬ್ರಿಟಿಷ್ ಗ್ರ್ಯಾನ್‌ಪ್ರಿ ಗೆದ್ದವರು, ಆನಂತರ ಸಸ್ಪೆನ್ಷನ್ ತಯಾರಕರಾದ ಓಲಿನ್ಸ್‌ಗೆ ತಂತ್ರಜ್ಞರಾಗಿ ದುಡಿದವರು, 2018ರಿಂದ ಮೋಟೊಜಿಪಿ ಪ್ರಸಾರದಲ್ಲಿ ಪಿಟ್ ಲೇನ್ (ತಂಡಗಳು ಬೈಕ್ ಸಿದ್ಧಪಡಿಸುವ ಜಾಗ) ವರದಿಗಾರರಾಗಿದ್ದವರು. ಸ್ಪೆನ್ಸರ್ ಗೆದ್ದ ಕಾಲದ ಬೈಕ್‌ಗಳಲ್ಲಿ ರೆಕ್ಕೆಗಳೂ ಇರಲಿಲ್ಲ, ಎತ್ತರ ತಗ್ಗಿಸುವ ಸಾಧನಗಳೂ ಇರಲಿಲ್ಲ. ಮುಂದಿನ ಬೈಕ್‌ನ ಹಿಂದೆ ಗಾಳಿಯ ಸೆಳೆತಕ್ಕೆ ಸಿಕ್ಕಿ ಬ್ರೇಕ್ ಹಿಡಿಯದೆ ಹೋಗುವುದು ಹೇಗಿರುತ್ತದೆ ಎಂಬುದನ್ನು ಇಂದಿನ ಸವಾರರ ಬಾಯಿಂದಲೇ ವಾರವಾರ ಕೇಳಿ ತಿಳಿದವರು ಕ್ರಾಫರ್. ಇದು ಅವರ ಬಲ. ಆದರೆ ಒಂದು ಆಕ್ಷೇಪಕ್ಕೂ ಅವಕಾಶವಿದೆ. ಪ್ರಸಾರ ಕ್ರೀಡೆಯ ವಾಣಿಜ್ಯ ಹಕ್ಕುದಾರ ಕಂಪನಿಯಾಗಿದ್ದ ಡೋರ್ನಾ ಕೈಯಲ್ಲಿತ್ತು, ಅಲ್ಲಿಂದ ಬಂದವರು ನ್ಯಾಯ ಹೇಳುವ ಜಾಗದಲ್ಲಿ ಕೂರುತ್ತಿದ್ದಾರೆ. ನಿನ್ನೆಯವರೆಗೆ ಮೈಕ್ ಹಿಡಿದು ಮಾತಾಡಿಸುತ್ತಿದ್ದ ಸವಾರರಿಗೇ ಇಂದು ಶಿಕ್ಷೆ ಬರೆಯಬೇಕು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂದೇಹವಿಲ್ಲ, ಆದರೆ ಅಂತರ ಕಾಪಾಡಿಕೊಳ್ಳುವ ಹೊಣೆ ಅವರಿಗೆ ಇತರರಿಗಿಂತ ಹೆಚ್ಚು.

ವ್ಯತ್ಯಾಸ ಎಷ್ಟಾಯಿತು ಎಂಬುದಕ್ಕೆ 2025ರ ಎರಡು ಪ್ರಕರಣಗಳೇ ಸಾಕು. ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದ ಮಂಡಾಲಿಕಾದಲ್ಲಿ ಮೊದಲ ಸುತ್ತಿನಲ್ಲೇ ಮಾರ್ಕೊ ಬೆಜ್ಜೆಕಿ ಹಿಂದಿನಿಂದ ಗುದ್ದಿ ಮಾರ್ಕೆಜ್ ಅವರನ್ನು ಕೆಡವಿದರು. ಒಂದು ವಾರದ ಹಿಂದಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಕೆಜ್ ಬಲ ಭುಜಕ್ಕೆ ಗಾಯ ಮಾಡಿಕೊಂಡು ಉಳಿದ ಋತುವನ್ನೇ ಕಳೆದುಕೊಂಡರು. ಬೆಜ್ಜೆಕಿಗೆ ಸಿಕ್ಕಿದ್ದು ಎರಡು ಲಾಂಗ್ ಲ್ಯಾಪ್. ಪೋರ್ಟಿಮಾವ್‌ನಲ್ಲಿ ಸ್ಪೆನ್ಸರ್ ಅವರ ಮಂಡಳಿ ಮಾರ್ಕೆಜ್ ಅವರಿಗೆ ಕೊಟ್ಟದ್ದೂ ಅಷ್ಟೇ. ಬೆಜ್ಜೆಕಿ ಆಸ್ಟ್ರೇಲಿಯಾದಲ್ಲಿ ಅವನ್ನು ಮುಗಿಸಿಯೂ ಮೂರನೆಯವರಾಗಿ ಬಂದಾಗ, ಶಿಕ್ಷೆ ತೀರ ಹಗುರವಾಯಿತೇ ಎಂಬ ಹಳೆಯ ಚರ್ಚೆಯೇ ಮತ್ತೆ ಎದ್ದಿತು. ಎರಡು ಬೇರೆ ಮುಖ್ಯಸ್ಥರು, ಒಂದೇ ಬಗೆಯ ಅಪಘಾತ, ಒಂದೇ ಶಿಕ್ಷೆ.

ಇನ್ನೊಂದು, ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ನಡೆದದ್ದು. ಟ್ರ್ಯಾಕ್ ಒಣಗುತ್ತಿದ್ದಾಗ ಆರಂಭಕ್ಕೆ ಕೆಲವೇ ನಿಮಿಷ ಮೊದಲು ಮಾರ್ಕೆಜ್ ಸವಾರರು ಆರಂಭಕ್ಕೆ ಸಾಲುಗಟ್ಟಿ ನಿಲ್ಲುವ ಗ್ರಿಡ್‌ನಿಂದ ಓಡಿ, ಒಣ ಟೈರ್ ಇರುವ ಬೈಕ್‌ಗೆ ಬದಲಾಗಲು ಪಿಟ್ ಲೇನ್‌ಗೆ ಹೋದರು, ಅವರ ಹಿಂದೆ ಇನ್ನೂ ಹಲವರು ಓಡಿದರು. ಅಷ್ಟು ಮಂದಿ ಪಿಟ್ ಲೇನ್‌ನಿಂದ ಹೊರಡುವುದು ಅಪಾಯವೆಂದು ರೇಸ್ ಡೈರೆಕ್ಷನ್ ಆರಂಭವನ್ನೇ ನಿಲ್ಲಿಸಿತು, ಮರು ಆರಂಭದಲ್ಲಿ ಎಲ್ಲರಿಗೂ ತಮ್ಮ ಮೂಲ ಸ್ಥಾನಗಳೇ ಸಿಕ್ಕವು. ಮಳೆ ಟೈರ್ ಬಿಟ್ಟು ಮೊದಲೇ ಧೈರ್ಯವಾಗಿ ಒಣ ಟೈರ್ ಹಾಕಿಸಿಕೊಂಡು ಗ್ರಿಡ್‌ನಲ್ಲಿ ನಿಂತಿದ್ದ ಮೂವರು ಸವಾರರಿಗೆ ಅದರ ಲಾಭ ದಕ್ಕಲಿಲ್ಲ. ನಿಯಮದಲ್ಲಿದ್ದ ಬಿರುಕನ್ನು ಹೊಸ ಮುಖ್ಯಸ್ಥರೂ ತುಂಬಲಾಗಲಿಲ್ಲ, ಆ ಅಧಿಕಾರವೂ ಅವರಿಗಿರಲಿಲ್ಲ. ಆಮೇಲೆ ನಿಯಮವನ್ನೇ ತಿದ್ದಬೇಕಾಯಿತು.

ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಮರಳಿ ಹೇಳುವುದಾದರೆ, ಸವಾರರ ಅಸಮಾಧಾನ ಈ ಬದಲಾವಣೆಗೆ ಹಿನ್ನೆಲೆಯಾಗಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೂ ಏನಿಲ್ಲ. ಆರು ವರ್ಷ ಒಬ್ಬರೇ ಇದ್ದು, ತೀರ್ಪಿಗೆ ಒಳಪಡುವವರ ನಂಬಿಕೆ ಸವೆದುಹೋದಾಗ, ಋತು ಮುಗಿಸಿ ಇನ್ನೊಬ್ಬರಿಗೆ ಜಾಗ ಬಿಡುವುದು ಯಾವ ಮಂಡಳಿಗೂ ಒಳ್ಳೆಯದೇ. ಇನ್ನೂ ಆಗಬೇಕಾದದ್ದೆಂದರೆ, ಪ್ರತಿ ದಂಡನೆಯ ಜತೆಗೆ ಅದರ ಕಾರಣವನ್ನೂ, ದಂಡನೆ ಕೊಡದಿದ್ದರೆ ಏಕೆ ಕೊಡಲಿಲ್ಲ ಎಂಬುದನ್ನೂ ನಾಲ್ಕು ಸಾಲುಗಳಲ್ಲಿ ಬರೆದು ಅದೇ ಸಂಜೆ ಪ್ರಕಟಿಸುವುದು. ರೇಸ್ ಓಡುತ್ತಲೇ ಅನುಭವಿಸಿ ಮುಗಿಸಿದ ಲಾಂಗ್ ಲ್ಯಾಪ್ ಅನ್ನು ಯಾವ ಮೇಲ್ಮನವಿಯೂ ಹಿಂದಕ್ಕೆ ಕೊಡಲಾರದಾದ್ದರಿಂದ, ಸವಾರನಿಗೆ ಸಿಗಬಹುದಾದದ್ದು ಆ ಕಾರಣವೊಂದೇ.