ಹೊಂಚು: ಸ್ಪೀಡ್ ಗನ್ ಹಿಡಿದವರಿಗೆ ಈ ಪದ ಒಪ್ಪುತ್ತದೆಯೇ?

ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದೆವು. ಪೇರೇಸಂದ್ರ ದಾಟಿದ ಮೇಲೆ ಪಕ್ಕದಲ್ಲಿದ್ದ ಮಾವ, "ನಿಧಾನ ಮಾಡಪ್ಪ, ಮುಂದೆ ಹೊಂಚು ಹಾಕ್ಕೊಂಡವ್ರೆ" ಅಂದರು. ಎದುರು ಬದಿಯಿಂದ ಲಾರಿಯವನೊಬ್ಬ ಎರಡು ಸಲ ಡಿಪ್ಪರ್ ಹೊಡೆದದ್ದು ನನಗಿಂತ ಮೊದಲು ಅವರ ಕಣ್ಣಿಗೆ ಬಿದ್ದಿತ್ತು. ಅರ್ಧ ಕಿಲೋಮೀಟರ್ ಹೋದರೆ ಹುಣಸೆ ಮರದ ನೆರಳಲ್ಲಿ ಪೊಲೀಸರ ಇಂಟರ್‌ಸೆಪ್ಟರ್ ಗಾಡಿ, ಅದರ ಪಕ್ಕ ಸ್ಟ್ಯಾಂಡಿನ ಮೇಲೆ ವೇಗ ಅಳೆಯುವ ಸ್ಪೀಡ್ ಗನ್. ಅಷ್ಟರಲ್ಲಿ ನಮ್ಮ ಸ್ಪೀಡೋಮೀಟರ್ ಮುಳ್ಳು ಮಿತಿಯೊಳಗೆ ಇಳಿದಿತ್ತು. ಮಾವ ಆಡಿದ ಪದ ಮಾತ್ರ ಮನೆ ಸೇರುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು.

ಹೊಂಚು ಎಂದರೆ ಮರೆಯಲ್ಲಿ ಕಾದು ಕೂರುವುದು. ಕಾಯುತ್ತಿರುವುದು ಎದುರಿನವನಿಗೆ ತಿಳಿಯಬಾರದು, ಅಷ್ಟೇ ಅದರ ಜೀವಾಳ. ಬೆಕ್ಕು ಇಲಿಗೆ ಹೊಂಚು ಹಾಕುತ್ತದೆ, ಕಳ್ಳ ಬೀಗ ಹಾಕಿದ ಮನೆಗೆ. ಪದಕ್ಕೆ ಅಂಟಿದ ಕೆಟ್ಟ ವಾಸನೆ ಅಲ್ಲಿಂದ ಬಂದದ್ದು. ಇದರ ಪಕ್ಕದಲ್ಲೇ ನಮ್ಮಲ್ಲಿ ಇನ್ನೊಂದು ಪದವಿದೆ, ಕಾವಲು. ಹೊಲದ ನಡುವೆ ಅಟ್ಟಣೆ ಕಟ್ಟಿ ಕೂತವನು ಕೂಗು ಹಾಕುತ್ತಾನೆ, ಡಬ್ಬ ಬಡಿಯುತ್ತಾನೆ. ಹಂದಿಗೂ ಹಕ್ಕಿಗೂ ತಾನಿರುವುದು ಗೊತ್ತಾಗಲಿ, ಬೆಳೆಗೆ ಬಾಯಿ ಹಾಕದೆ ಹೋಗಲಿ ಎಂಬುದೇ ಅವನ ಆಸೆ. ಹೊಂಚು ಹಾಕಿದವನು ಬೇಟೆ ಬರಲಿ ಎಂದು ಕಾಯುತ್ತಾನೆ.

ಪೊಲೀಸರು ಮರೆಯಲ್ಲಿ ನಿಂತು ವೇಗ ಅಳೆಯಬಾರದು ಎಂಬ ನೇರವಾದ ಸೆಕ್ಷನ್ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಮರದ ಹಿಂದೆ ನಿಂತಿದ್ದರು ಎಂಬ ಒಂದೇ ಕಾರಣಕ್ಕೆ ದಂಡ ರದ್ದಾಗುವುದಿಲ್ಲ. ಆದರೆ ಕಾಯ್ದೆ ಅವರ ಕೈಗಳನ್ನು ಬೇರೆ ಕಡೆಗಳಲ್ಲಿ ಕಟ್ಟಿದೆ. ವೇಗ ಮೀರಿದರೆ ಕಾರಿನಂಥ ಹಗುರ ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡ ಎನ್ನುವ 183ನೇ ಸೆಕ್ಷನ್ನೇ ಇನ್ನೊಂದು ಮಾತನ್ನೂ ಹೇಳುತ್ತದೆ: ‘ಜೋರಾಗಿ ಬರ್ತಿದ್ದ’ ಎಂಬ ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಯಾರನ್ನೂ ತಪ್ಪಿತಸ್ಥ ಎನ್ನುವಂತಿಲ್ಲ, ಆ ಅಂದಾಜಿಗೆ ಯಂತ್ರದ ಅಳತೆ ಆಧಾರವಾಗಿರಬೇಕು.

ಆ ಯಂತ್ರಕ್ಕೂ ಕಟ್ಟುಪಾಡು ಇದೆ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದು. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿತು. ಸ್ಪೀಡ್ ಕ್ಯಾಮೆರಾ, ಸಿಸಿಟಿವಿ, ಸ್ಪೀಡ್ ಗನ್ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಉಪಕರಣ ಸರಿಯಾಗಿ ಅಳೆಯುತ್ತದೆ ಎಂಬ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ನಿಗಾ ಇರುವ ರಸ್ತೆ ಶುರುವಾಗುವ ಮೊದಲೇ, ಇಲ್ಲಿ ನಿಗಾ ಇದೆ ಎಂಬ ಫಲಕ ಎದ್ದು ಕಾಣುವಂತೆ ಇರಬೇಕು. ಅಂದರೆ ಗನ್ ನೆರಳಲ್ಲಿ ಇದ್ದರೂ ನಿಗಾ ಇರುವ ವಿಷಯ ಬೆಳಕಿನಲ್ಲಿರಬೇಕು. ಫಲಕ ಇದ್ದ ಕಡೆ ಅದು ಕಾವಲು. ಇಲ್ಲದ ಕಡೆ ಜನ ಹೊಂಚು ಎಂದರೆ ತಪ್ಪು ಹೊರಿಸಲಾರೆ.

ಲೇಸರ್ ಬೆಳಕಿನಿಂದ ಅಳೆಯುವ ಸ್ಪೀಡ್ ಗನ್ ಪೂರ್ತಿ ಅಡಗಿ ಕೆಲಸ ಮಾಡಲೂ ಆಗದು. ಅದು ಬೆಳಕಿನ ಸಣ್ಣ ಸಣ್ಣ ಮಿಡಿತಗಳನ್ನು ಗಾಡಿಯತ್ತ ಬಿಟ್ಟು, ಅವು ಬಡಿದು ವಾಪಸು ಬರುವ ಹೊತ್ತಿನಿಂದ ವೇಗ ಲೆಕ್ಕ ಹಾಕುತ್ತದೆ. ಬೆಳಕು ನೇರ ಹೋಗುವುದರಿಂದ ನಡುವೆ ಗೋಡೆಯೋ ದಟ್ಟ ಪೊದೆಯೋ ಇರುವಂತಿಲ್ಲ.

ನನಗೆ ನಿಜಕ್ಕೂ ಭಯವಿರುವುದು ಮರೆಯಿಂದ ದಿಢೀರನೆ ರಸ್ತೆಗೆ ನುಗ್ಗುವುದರ ಬಗ್ಗೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಸಂಚಾರ ಪೊಲೀಸರು ಬೈಕ್ ತಡೆದಾಗ, ಅಪ್ಪ ಅಮ್ಮನ ಜೊತೆಗಿದ್ದ ಪುಟ್ಟ ಮಗು ಕೆಳಗೆ ಬಿದ್ದು ಜೀವ ಕಳೆದುಕೊಂಡಿತು. ಆಮೇಲೆ, ವಾಹನಗಳಿಗೆ ಏಕಾಏಕಿ ಅಡ್ಡ ಹೋಗಬಾರದು, ಕೀ ಕಿತ್ತುಕೊಳ್ಳಬಾರದು ಎಂದು ರಾಜ್ಯದ ಪೊಲೀಸ್ ಮುಖ್ಯಸ್ಥರು ಸೂಚನೆ ಕೊಟ್ಟರು. 100ರ ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮುಂದೆ ಮನುಷ್ಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಚಿತ್ರ ತೆಗೆದುಕೊಂಡು ನೋಟಿಸ್ ಕಳಿಸುವ ದಾರಿ ಇರುವಾಗ ಓಡುವ ಗಾಡಿಗೆ ಎದುರಾಗುವ ಅಗತ್ಯವೇ ಇಲ್ಲ.

ಇಷ್ಟೆಲ್ಲ ಹೇಳಿದರೂ ಗನ್ ಬೇಡ ಎನ್ನಲು ನನಗೆ ಮನಸ್ಸಿಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ, ಇದೇ ಹೆದ್ದಾರಿಯ ಚಿತ್ರಾವತಿ ಬಳಿ, ಮಂಜು ಮುಸುಕಿದ್ದ ಹೊತ್ತಿನಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೋ ಗುದ್ದಿ 13 ಜನ ಸತ್ತರು. ಆ ಜಾಗದಲ್ಲಿ ಈಗಲೂ ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಮೇಲಿಂದ ಏಳುತ್ತದೆ. ಚಳಿಗಾಲದ ಮುಂಜಾನೆ ನಂದಿ ಬೆಟ್ಟದ ಸುತ್ತಿನ ರಸ್ತೆಗಳಲ್ಲಿ ಮಂಜು ಹೇಗಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಒಂದು ಫಲಕ ನೋಡಿ ಹತ್ತು ಗಾಡಿಗಳು ನಿಧಾನವಾದರೆ, ಒಂದಕ್ಕೂ ದಂಡ ಬೀಳದಿದ್ದರೂ ಆ ಫಲಕ ಕೆಲಸ ಮಾಡಿದೆ.

ನೋಟಿಸ್ ಮನೆಗೆ ಬಂದರೆ ತಾರೀಖು ನೋಡಿ: ತಪ್ಪು ನಡೆದ 15 ದಿನದೊಳಗೆ ಅದು ಹೊರಟಿರಬೇಕು. ಚಿತ್ರ, ಅಳೆದ ವೇಗ, ದಿನ, ಹೊತ್ತು, ಜಾಗ ಇವೆಯೇ ಎಂದೂ ನೋಡಿ.

ಮುಂದಿನ ವಾರ ಅದೇ ದಾರಿಯಲ್ಲಿ ಹೋಗುವಾಗ ಮಾವ ಎಡಗಡೆಯೇ ನೋಡುತ್ತಾ ಕೂತಿದ್ದರು. ಫಲಕ ಸಿಕ್ಕಿತು. ವೇಗದ ಅಂಕಿ ಕಾಣುತ್ತಿತ್ತು, ಕೆಳಗಿನ ಕ್ಯಾಮೆರಾ ಚಿತ್ರವನ್ನು ಹೊಂಗೆ ಕೊಂಬೆ ಮುಚ್ಚಿತ್ತು. ಇಳಿದು ಕೊಂಬೆ ಮುರಿಯುತ್ತೇನೆ ಅಂದವರನ್ನು ತಡೆದು, ಫೋಟೊ ತೆಗೆದು, ಊರಿಗೆ ಬಂದ ಮೇಲೆ ಠಾಣೆಯಲ್ಲಿ ಕೊಟ್ಟೆವು.