ಶಾಲೆಗೆ ಕೋಣೆ ಕಟ್ಟಿಸುವ ಮೊದಲು

ಬೇಸಗೆ ಬಂತೆಂದರೆ ನನಗೆ ಫೋನ್ ಜಾಸ್ತಿ. ಬೆಂಗಳೂರಲ್ಲೋ ದುಬೈಯಲ್ಲೋ ಇರುವವರು ತಾವು ಕಲಿತ ಶಾಲೆಗೆ ಏನಾದರೂ ಮಾಡಬೇಕೆಂದು ಹೊರಡುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ, ಬದಿಯಡ್ಕ, ಎಣ್ಮಕಜೆ ಕಡೆಯ ಕನ್ನಡ ಶಾಲೆಗಳು. "ಎರಡು ಕ್ಲಾಸ್‌ರೂಮ್ ಕಟ್ಟಿಸುವ, ಎಷ್ಟಾಗ್ತದೆ ಇಂಜಿನಿಯರೇ?" ಎಸ್ಟಿಮೇಟ್ ಹಾಕುವುದೇ ನನ್ನ ಹೊಟ್ಟೆಪಾಡು, ಬೇಡ ಅನ್ನುವುದಿಲ್ಲ. ಆದರೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ವರ್ಷದ ಟೀಚರ್ ಪೋಸ್ಟ್ ನಿಲ್ಲುವುದು ಆ ಲೆಕ್ಕದ ಮೇಲೆ, ಕೋಣೆಗಳ ಲೆಕ್ಕದ ಮೇಲಲ್ಲ. ಮಕ್ಕಳು ಕಡಿಮೆಯಾದರೆ ಕ್ಲಾಸಿನ ಒಂದು ಡಿವಿಷನ್ (ವಿಭಾಗ) ಹೋಯಿತು, ಪೋಸ್ಟೂ ಹೋಯಿತು. ದಾನಿಗಳ ಹೊಸ ಕೋಣೆಯಲ್ಲಿ ಮುರಿದ ಬೆಂಚು ಪೇರಿಸಿಡುತ್ತಾರೆ. ಗಡಿನಾಡಿನಲ್ಲಿ ಮೇಲಿಂದ ಇನ್ನೊಂದು ತಲೆನೋವು. ಪೋಸ್ಟ್ ಇದೆ, ಟೀಚರೂ ಬಂದಿದ್ದಾರೆ, ಅವರಿಗೆ ಕನ್ನಡವೇ ಬರುವುದಿಲ್ಲ. ಇದಕ್ಕಾಗಿ ಇಲ್ಲಿ ಹೆತ್ತವರು ಬೀದಿಗಿಳಿದದ್ದೂ ಉಂಟು. ಅಂಥ ಕ್ಲಾಸಿಗೆ ಟೈಲ್ಸ್ ಹಾಕಿಸಿದರೆಷ್ಟು, ಬಿಟ್ಟರೆಷ್ಟು?

ಕಟ್ಟಡವನ್ನೇ ಶಾಲೆ ಎಂದುಕೊಳ್ಳುವುದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಗ್ರೆಗ್ ಮಾರ್ಟೆನ್ಸನ್ ಪಾಕಿಸ್ತಾನ, ಅಫ್ಘಾನಿಸ್ತಾನದ ಗುಡ್ಡಗಾಡಿನಲ್ಲಿ ಶಾಲೆ ಕಟ್ಟಿಸಿ ಹೆಸರಾದವರು. 2011ರಲ್ಲಿ ಸಿಬಿಎಸ್ ಚಾನೆಲ್‌ನವರು ಹೋಗಿ ನೋಡಿ, ಕೆಲವು ಶಾಲೆ ಖಾಲಿ ಬಿದ್ದಿವೆ, ಕೆಲವಕ್ಕೆ ವರ್ಷಗಳಿಂದ ಕಾಸೇ ಹೋಗಿಲ್ಲ ಎಂದು ವರದಿ ಮಾಡಿದರು. ಮರುವರ್ಷ ಮೊಂಟಾನಾ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮುಗಿದಾಗ, ಮಾರ್ಟೆನ್ಸನ್ ತಮ್ಮದೇ ಸಂಸ್ಥೆಗೆ ಸುಮಾರು 10 ಲಕ್ಷ ಡಾಲರ್ ವಾಪಸ್ ಕೊಡಲು ಒಪ್ಪಬೇಕಾಯಿತು.

ಅದೇ ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದಲ್ಲಿ ಇನ್ನೊಂದು ಕೆಲಸ ನಡೆದಿತ್ತು. 31 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಕೆಲವು ಕಡೆ ಮೊದಲು ಊರೊಳಗೇ ಶಾಲೆ ಶುರು ಮಾಡಿದರು. ಹೊಸ ಕಟ್ಟಡ ಇಲ್ಲ. ಮಸೀದಿಯೋ ಯಾರದೋ ಮನೆಯೋ, ಸಿಕ್ಕಿದ ಜಾಗ. ಊರಿನವರೇ ಒಬ್ಬರು ಟೀಚರ್, ಅವರಿಗೆ ತರಬೇತಿ, ಮಕ್ಕಳಿಗೆ ಪುಸ್ತಕ. ಶಾಲೆಗೆ ಬರುವುದರಲ್ಲಿ ಹುಡುಗ ಹುಡುಗಿಯರ ನಡುವೆ ಇದ್ದ ಶೇಕಡಾ 21 ಅಂಶಗಳ ಅಂತರ ಪೂರ್ತಿ ಹೋಯಿತು. ಮುಖ್ಯ ಕಾರಣ, ಶಾಲೆ ಹತ್ತಿರ ಬಂತು. ಅಷ್ಟೇ!

ಹಾಗಂತ ಕಟ್ಟುವುದೇ ದಂಡ ಅಂತಲ್ಲ. 1973ರಿಂದ 78ರ ಒಳಗೆ ಇಂಡೋನೇಷ್ಯಾ ಸರಕಾರ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿತು. ಅಲ್ಲಿ ಕಲಿತವರ ಓದೂ ಸಂಬಳವೂ ಏರಿದ್ದನ್ನು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ ಲೆಕ್ಕ ಹಾಕಿ ತೋರಿಸಿದ್ದಾರೆ. ಆದರೆ ಅದು ಶಾಲೆಗೆ ಹೋಗದ ಮಕ್ಕಳು ಜಾಸ್ತಿ ಇದ್ದ ಕಡೆ ಜಾಸ್ತಿ ಕಟ್ಟಿದ್ದು, ಜೊತೆಗೆ ಟೀಚರನ್ನೂ ಕೊಟ್ಟದ್ದು. ನಮ್ಮಲ್ಲಿ ಶಾಲೆ ಇದೆ. ಗುಡ್ಡೆ ಇಳಿದು, ತೋಡು ದಾಟಿ ಬರಬೇಕಾದ ಮಗುವಿನ ಮನೆ ಬಾಗಿಲಿಗೆ ಇಂಗ್ಲಿಷ್ ಮೀಡಿಯಂ ವ್ಯಾನ್ ಬಂದು ನಿಲ್ಲುತ್ತದೆ. ಪಿಟಿಎಯವರು (ಹೆತ್ತವರು-ಟೀಚರ್‌ಗಳ ಸಂಘ) ಮಕ್ಕಳನ್ನು ಕರೆತರುವ ಜೀಪಿನ ಬಾಡಿಗೆಗೆ ತಿಂಗಳು ತಿಂಗಳು ಪರದಾಡುತ್ತಾರೆ. ಆ ಬಾಡಿಗೆ ಐದು ವರ್ಷ ನಾನು ಕೊಡ್ತೇನೆ ಅನ್ನುವ ದಾನಿ ಅಪರೂಪ. ಜೀಪಿನ ಮೇಲೆ ಶಿಲಾಫಲಕ ಇಡಲಿಕ್ಕಾಗುವುದಿಲ್ಲ, ಅಲ್ವಾ?

ಕಟ್ಟಲೇಬೇಕು ಅಂತಿದ್ದರೆ ಮಳೆಗಾಲದಲ್ಲಿ ಒಮ್ಮೆ ಬಂದು ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಖರ್ಚು ಉಳಿಯಿತೆಂದು ಬರೀ ಶೀಟ್ ಹೊದೆಸಿದ ಕೋಣೆಯಲ್ಲಿ ಜೂನ್, ಜುಲೈಯಲ್ಲಿ ಮಳೆಯ ಸದ್ದಿಗೆ ಪಾಠ ಕೇಳುವುದಿಲ್ಲ. ಟೀಚರ್ ಬೋರ್ಡಿನಲ್ಲಿ ಬರೆದು ಬರೆದು ಕೈ ಸೋಲುತ್ತಾರೆ. ಇನ್ನೊಂದು ಧರೆಯ, ಅಂದರೆ ಕಡಿದ ಗುಡ್ಡೆಯ ಮಣ್ಣುಗೋಡೆಯ ಸಂಗತಿ. ಜಾಗ ಸಮ ಮಾಡಲು ಜೆಸಿಬಿಯಲ್ಲಿ ಗುಡ್ಡೆ ನೆಟ್ಟಗೆ ಕಡಿಯುತ್ತಾರೆ. ಮೇಲೆ ಗಟ್ಟಿ ಮುರಕಲ್ಲು ಕಾಣುತ್ತದೆ, ಅಡಿಯಲ್ಲಿ ಬಿಳಿ ಜೇಡಿ. ನೀರು ಇಳಿದರೆ ಅದು ಬೆಣ್ಣೆಯ ಹಾಗೆ ಜಾರುತ್ತದೆ. ನನ್ನ ಎಸ್ಟಿಮೇಟಿನಲ್ಲಿ ತಡೆಗೋಡೆ, ಮೇಲಿನ ನೀರು ಹರಿದುಹೋಗುವ ಕಣಿ ಇದ್ದೇ ಇರುತ್ತವೆ. "ಇದೆಲ್ಲ ಮತ್ತೆ ನೋಡುವ" ಎಂದು ಮೊದಲು ಕತ್ತರಿ ಬೀಳುವುದೂ ಅವಕ್ಕೇ. ಟಾಯ್ಲೆಟ್ ಅಂತೂ ಹೇಳುವುದೇ ಬೇಡ. ಮಾರ್ಚಿನಲ್ಲಿ ಬಾವಿ ಬತ್ತಿದರೆ ಅದಕ್ಕೆ ಬೀಗ.

ಕಾಗದದ ಕೆಲಸವೂ ಇದೆ. ಸರಕಾರಿ ಎಲ್‌ಪಿ, ಯುಪಿ (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳು ಇಲ್ಲಿ ಗ್ರಾಮ ಪಂಚಾಯತಿನ ಕೈಯಲ್ಲಿವೆ. ನೀವು ಕಟ್ಟಿಸಿದ ಕೋಣೆ ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಏರಬೇಕು. ಇಲ್ಲದಿದ್ದರೆ ನಾಳೆ ಸೋರಿದಾಗ ದುರಸ್ತಿಗೆ ಹಣ ಇಡಿಸುವುದು ಕಷ್ಟ. ಅನುದಾನಿತ ಶಾಲೆಯಾದರೆ ಸಂಬಳ ಸರಕಾರದ್ದು, ಕಟ್ಟಡ ಶಾಲೆ ನಡೆಸುವ ಖಾಸಗಿ ಮ್ಯಾನೇಜರದ್ದು. ಶಾಲೆ ಮುಚ್ಚಿದರೆ ಕೋಣೆ ಯಾರಿಗೆ ಅಂತ ಮೊದಲೇ ಬರೆಸಿಕೊಳ್ಳಿ. ಇದನ್ನು ಕೇಳಿದರೆ ಮ್ಯಾನೇಜರಿಗೆ ಬೇಸರವಾಗುತ್ತದೆ. ಆಗಲಿ.

ಸಿಎಸ್‌ಆರ್ ಹಣ (ಲಾಭದಲ್ಲಿ ಸಮಾಜಕ್ಕೆಂದು ಇಡುವ ಪಾಲು) ತರುವ ಕಂಪೆನಿಗಳಿಗೆ ಮಾರ್ಚ್ 31ರ ಗಡಿಬಿಡಿ. ಸ್ಲ್ಯಾಬ್ ನೀರು ಕುಡಿದು ಸರಿಯಾಗಿ ಗಟ್ಟಿಯಾಗುವ (ಕ್ಯೂರಿಂಗ್) ಮೊದಲೇ ಉದ್ಘಾಟನೆಯ ದಿನ ಗೊತ್ತಾಗಿರುತ್ತದೆ. ಅಷ್ಟು ಅವಸರ ಬೇಕಿಲ್ಲ. ನಡೆಯುತ್ತಿರುವ ಯೋಜನೆ ಎಂದು ಮಾಡಿಸಿಕೊಂಡರೆ, ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷ ಹಣ ಬೇರೆ ಖಾತೆಯಲ್ಲಿಟ್ಟು ಖರ್ಚು ಮಾಡಲು ಕಾನೂನೇ ಬಿಡುತ್ತದೆ. ನನ್ನನ್ನು ಕೇಳಿದರೆ ಮೊದಲ ವರ್ಷ ಮಾಡಿನ (ಛಾವಣಿಯ) ರಿಪೇರಿ ಮತ್ತು ನೀರು, ಎರಡನೇ ವರ್ಷ ಜೀಪು. ಕೋಣೆಯ ಮಾತು ಮೂರನೇ ವರ್ಷಕ್ಕೆ, ಅದೂ ಒಂದನೇ ಕ್ಲಾಸಿನ ಹಾಜರಿ ಪುಸ್ತಕ ನೋಡಿಕೊಂಡು.