ಮಣ್ಣು ಕುಗ್ಗುವ ಲೆಕ್ಕ: 12% ಕೂಡಿಸಿದರೆ ಯಾಕೆ ಸಾಲದು?

ತಿಗರಿ ಮೇಲೆ ಮಣ್ಣನ್ನು ನಡುವಿಗೆ ತರುವುದು ಕೈಗೆ ಬಿಟ್ಟ ವಿಷಯ, ಓದಿ ಬರುವುದಿಲ್ಲ. ಸ್ಟುಡಿಯೋ ಕುಂಬಾರಿಕೆಯಲ್ಲಿ ಪೆನ್ನು ಕಾಗದ ಬೇಕಾಗುವುದು ಕುಗ್ಗುವಿಕೆಗೆ.

ಮಣ್ಣು ಎರಡು ಸಲ ಕುಗ್ಗುತ್ತದೆ. ಒಣಗುವಾಗ ಕಣಗಳ ನಡುವಿನ ನೀರು ಹೋಗಿ ಕಣಗಳು ಹತ್ತಿರವಾಗುತ್ತವೆ. ಸುಡುವಾಗ ಒಂದಷ್ಟು ಭಾಗ ಕರಗಿ ಗಾಜಾಗಿ ಸಂದುಗಳು ಮುಚ್ಚುತ್ತವೆ. ಮಂಡ್ಯದ ಸಂತೆಯಲ್ಲಿ ಸಿಗುವ ಕೆಂಪು ಮಡಕೆ ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್ ಒಳಗೇ ಬೆಂದಿರುತ್ತದೆ. ಸಂದು ಉಳಿಯುತ್ತದೆ, ನೀರು ಜಿನುಗಿ ಆರುತ್ತದೆ, ಅದಕ್ಕೇ ಒಳಗೆ ತಣ್ಣಗಿರುತ್ತದೆ. ಸ್ಟೋನ್‌ವೇರ್, ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಪಾತ್ರೆ, 1200 ದಾಟುತ್ತದೆ, ಜಾಸ್ತಿ ಕುಗ್ಗುತ್ತದೆ.

ಈಗ ಗೊಂದಲದ ಜಾಗ. ಮಣ್ಣು 12% ಕುಗ್ಗುತ್ತದೆ ಅಂತಿಟ್ಟುಕೊಳ್ಳಿ. ಮಸಾಲೆ ದೋಸೆಗೆ 30 ಸೆಂ.ಮೀ. ತಟ್ಟೆ ಬೇಕು. 30ಕ್ಕೆ 12% ಕೂಡಿಸಿ 33.6ಕ್ಕೆ ಮಾಡಿದರೆ ಆಯಿತಲ್ವಾ? ಇಲ್ಲ. 33.6ರಲ್ಲಿ 12% ಅಂದರೆ 4.03. ಉಳಿಯುವುದು 29.57. ನಾವು ಕೂಡಿಸಿದ್ದು ಸುಟ್ಟ ಅಳತೆಯ 12%, ಕುಗ್ಗುವುದು ಹಸಿ ಅಳತೆಯ 12%. ಹಸಿ ತಟ್ಟೆಯ 100 ಭಾಗದಲ್ಲಿ 88 ಉಳಿಯುತ್ತದೆ. ಹಾಗಾಗಿ ಭಾಗಿಸಬೇಕು: 30 ÷ 0.88 = 34.1. ಅರ್ಧ ಸೆಂ.ಮೀ. ವ್ಯತ್ಯಾಸ ತಟ್ಟೆಗೆ ನಡೆಯುತ್ತದೆ, ಆಮೇಲೆ ಮಾಡಿದ ಮುಚ್ಚಳಕ್ಕೆ ನಡೆಯುವುದಿಲ್ಲ. (ಮುಚ್ಚಳಕ್ಕೆ ಲೆಕ್ಕವೇ ಬೇಡ. ಅದೇ ಮಣ್ಣಲ್ಲಿ, ಪಾತ್ರೆ ಹಸಿ ಇರುವಾಗಲೇ ಅಳೆದು ಮಾಡಿ, ಜೊತೆಗೇ ಒಣಗಿಸಿ, ಜೊತೆಗೇ ಸುಡಿ.)

ಒಣಗುವಾಗ 6, ಸುಡುವಾಗ 6, ಒಟ್ಟು 12 ಅನ್ನುವುದೂ ತಪ್ಪೇ. 100 ಮೊದಲು 94 ಆಗುತ್ತದೆ, ಎರಡನೇ 6% ಆ 94ರದ್ದು. ಕೊನೆಗೆ 88.36.

ನನಗೆ ತುಂಬಾ ಇಷ್ಟವಾದದ್ದು ಲೋಟದ ಲೆಕ್ಕ. ಎತ್ತರ, ಉದ್ದ, ಅಗಲ ಮೂರೂ ಕುಗ್ಗುತ್ತವೆ. 0.88ನ್ನು ಮೂರು ಸಲ ಗುಣಿಸಿದರೆ ಸುಮಾರು 0.68. ಅಂದರೆ ಹಿಡಿಸುವ ಕಾಫಿಯಲ್ಲಿ ಮೂರನೇ ಒಂದು ಭಾಗ ಹತ್ತಿರ ಹತ್ತಿರ ಮಾಯ! 150 ಮಿ.ಲೀ. ಲೋಟ ಬೇಕಾದರೆ ಹಸಿ ಲೋಟ 220 ಹಿಡಿಸಬೇಕು. ಹಸಿಯಲ್ಲಿ ಕಣ್ಣಿಗೆ ಸರಿ ಕಂಡದ್ದು ಗೂಡಿನಿಂದ ಬಂದಾಗ ಪುಟ್ಟದಾಗಿರುವುದು ಇದಕ್ಕೇ.

ನಿಮ್ಮ ಮಣ್ಣಿನ ಸಂಖ್ಯೆ ತಿಳಿಯಲು ಹಸಿ ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಕೊರೆಯಿರಿ. ನೀವು ಸುಡುವ ಶಾಖಕ್ಕೇ ಸುಟ್ಟು ಅಳೆಯಿರಿ. ಗೆರೆ 8.8 ಬಂದರೆ 12%. ಮಣ್ಣು ಬದಲಾದರೆ, ಶಾಖ ಬದಲಾದರೆ ಹೊಸ ಪಟ್ಟಿ.

ಮಣ್ಣಿನಲ್ಲಿರುವ ಕ್ವಾರ್ಟ್ಸ್ ಅನ್ನುವ ಖನಿಜ 573 ಡಿಗ್ರಿಯಲ್ಲಿ ಹಿಗ್ಗುವುದು ಬೇರೆ ವಿಷಯ. ಗೂಡು ತಣ್ಣಗಾಗುವಾಗ ಅದು ಅಷ್ಟೇ ಕುಗ್ಗುತ್ತದೆ. ಬಿರುಕು ಬಿಡದಿರಲು ಅಲ್ಲಿ ಏರುವಾಗಲೂ ಇಳಿಯುವಾಗಲೂ ನಿಧಾನ ಮಾಡಿ, ಈ ಲೆಕ್ಕಕ್ಕೆ ಸೇರಿಸಬೇಡಿ.